ಗೇರುಬೀಜ ಫ್ಯಾಕ್ಟರಿಯ ಕಳ್ಳದಾರಿ

ಮೊನ್ನೆ ಕೋಟೇಶ್ವರದ ಹತ್ತಿರ ಬಸ್ಸು ನಿಂತಾಗ ಕಿಟಕಿಯಿಂದ ಗೇರುಬೀಜದ ಸಿಪ್ಪೆ ಸುಡುವ ವಾಸನೆ ಒಳಗೆ ಬಂತು. ಮಳೆ ಬಿಟ್ಟು ಹತ್ತು ನಿಮಿಷವಾಗಿತ್ತಷ್ಟೆ; ಒದ್ದೆ ಗಾಳಿಯಲ್ಲಿ ಆ ಹೊಗೆ ಮೇಲೇರುವುದಿಲ್ಲ, ರಸ್ತೆಯ ಮಟ್ಟದಲ್ಲೇ ಹರಡಿಕೊಂಡಿರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಈ ಮುದುಕಿಗೆ ತಲೆ ಸರಿಯಿಲ್ಲ ಎಂಬ ತೀರ್ಮಾನ ಅವಳ ಮುಖದಲ್ಲಿ ಕಾಣುತ್ತಿತ್ತು. ಇರಲಿ. ಆ ವಾಸನೆಯಲ್ಲಿ ನನಗೆ ಇಡೀ ಒಂದು ಮಳೆಗಾಲ ಇದೆ. ನನ್ನ ಅರವತ್ತಮೂರು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಇನ್ನೊಂದು ಮಳೆಗಾಲ ಇಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ನನ್ನ ಹೆಸರು ಸುಮತಿ. ಕುಂದಾಪುರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಟ್ರಂಕ್ ಆಪರೇಟರ್ ಆಗಿ ಸೇರಿದಾಗ ಇಪ್ಪತ್ತೊಂದು ವರ್ಷ. ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮೂರಿನ ಗಂಡಸರು ಮನೆಗೆ ಮಾತಾಡಬೇಕಿದ್ದರೆ ಆ ಕರೆ ಮಂಗಳೂರು ದಾಟಿ ನನ್ನ ಕೈಯ ವಯರಿಗೇ ಬರಬೇಕಿತ್ತು. ಯಾರ ಮಗುವಿಗೆ ಜ್ವರ, ಯಾರ ಮದುವೆಯ ಮಾತು ಮುರಿಯಿತು, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ನನ್ನ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಕೇಳಬಾರದು ಎಂಬ ನಿಯಮವಿತ್ತು. ನಾನು ಕೇಳುತ್ತಿದ್ದೆ. ಎಲ್ಲರೂ ಕೇಳುತ್ತಿದ್ದರು, ಒಪ್ಪಿಕೊಳ್ಳುವವಳು ನಾನೊಬ್ಬಳೇ ಇರಬೇಕು. ಆಮೇಲೆ ಯಂತ್ರಗಳು ಬಂದವು, ನಾನು ಸ್ವಿಚ್ ರೂಮಿಗೆ ಹೋದೆ, ಕೇಬಲ್ಲು, ಬ್ರಾಡ್‌ಬ್ಯಾಂಡು ಎಲ್ಲ ಕಲಿತೆ, ಕೊನೆಗೆ ಸ್ವಯಂನಿವೃತ್ತಿ ತೆಗೆದುಕೊಂಡು ಬ್ರಹ್ಮಾವರದ ಸ್ವಂತ ಮನೆಯಲ್ಲಿ ಕೂತೆ. ಮದುವೆಯಾಗಿಲ್ಲ. ಯಾಕೆಂದು ಕೇಳುವವರಿಗೆ, ಅಷ್ಟು ಮನೆಗಳ ಮಾತು ಕೇಳಿದ ಮೇಲೆ ಧೈರ್ಯ ಬರಲಿಲ್ಲ ಎನ್ನುತ್ತೇನೆ.

ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದೆ. ಅಲ್ಲಿ ಮೂರು ವರ್ಷ ಇದ್ದವನು ನಾಸಿರ್, ಹೊರದೇಶದಿಂದ ಕೃಷಿ ಓದಲು ಬಂದ ಹುಡುಗ. ಹೆಸರು ಬದಲಿಸಿದ್ದೇನೆ. ಅವನ ದೇಶ ಯಾವುದೆಂದು ಬರೆಯುವುದಿಲ್ಲ, ಅಲ್ಲಿ ಏನು ಬೆಳೆಯುತ್ತಾರೆ ಎಂದೂ ಬರೆಯುವುದಿಲ್ಲ. ಬರೆದರೆ ತೊಂದರೆಯಾಗುವುದು ನನಗಲ್ಲ. ಅವನು ಕನ್ನಡ ಕಲಿತದ್ದು ಪುಸ್ತಕದಿಂದಲ್ಲ, ಬಸ್ಸಿನಿಂದ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಬೈಂದೂರಿನವರೆಗೆ ಹೋಗಿ ಬರುತ್ತಿದ್ದ. ಸಮುದ್ರ ಎಷ್ಟು ನೋಡಿದರೂ ಅವನಿಗೆ ಸಾಲದು. ಕಂಡಕ್ಟರುಗಳು ಕೂಗುವ ಸ್ಟಾಪುಗಳ ಹೆಸರು ಅವನಿಗೆ ಮೊದಲು ಬಾಯಿಪಾಠವಾಯಿತು, ಅದರ ಬೆನ್ನಿಗೆ ಭಾಷೆ ಬಂತು. ಮೂರನೆಯ ವರ್ಷಕ್ಕೆ ಮೀನಿನ ಹೆಂಗಸಿನ ಹತ್ತಿರ "ಹ್ವಾಯ್, ಇದ್ ನಿನ್ನೆದ್ ಮೀನ್ ಅಲ್ದಾ?" ಎಂದು ಜಗಳಕ್ಕೆ ನಿಲ್ಲುವಷ್ಟು ಪಳಗಿದ್ದ. ಅವನು ಹೋದ ಮೇಲೆ ಮಹಡಿಗೆ ಬೇರೆ ಬಾಡಿಗೆದಾರರು ಬಂದರು, ಆದರೆ ಬೆಳಗಿನ ಚಹಾಕ್ಕೆ ಕೆಳಗಿಳಿದು ಬಂದು ಕೂರುವವರು ಯಾರೂ ಬರಲಿಲ್ಲ.

ಅವನು ಊರಿಗೆ ಮರಳಿ ಎರಡು ವರ್ಷವಾದ ಮೇಲೆ, ಜೂನ್ ತಿಂಗಳಲ್ಲಿ ಮಳೆ ಹಿಡಿದ ವಾರ ಅವನ ಫೋನು ಬಂತು.

"ಅಕ್ಕ, ಮಳಿ ಸುರುವಾಯ್ತಾ?"

"ಸುರುವಾಯ್ತ್ ಮಾರಾಯ. ನೀ ಹ್ಯಾಂಗಿದ್ದೆ?"

"ನಾನ್ ಅಡ್ಡಿಲ್ಲೆ. ತಂಗಿದೇ ಬೇಜಾರ್."

ತಂಗಿ ಪರ್ವೀನ್. ಹದಿನೆಂಟು ವರ್ಷ. ಆ ದೇಶದಲ್ಲಿ ಹೆಣ್ಣುಮಕ್ಕಳ ದೊಡ್ಡ ತರಗತಿಗಳನ್ನೆಲ್ಲ ಮುಚ್ಚಿಸಿದ್ದರು. ಬೇರೊಂದು ದೇಶದ ವಿಶ್ವವಿದ್ಯಾಲಯ ಅಂಥ ಹುಡುಗಿಯರಿಗೆ ಇಂಟರ್ನೆಟ್ಟಿನಲ್ಲೇ ಪಾಠ ಮಾಡಿ, ಸೆಪ್ಟೆಂಬರ್ ಕೊನೆಗೆ ಒಂದು ಪರೀಕ್ಷೆ ಇಟ್ಟು, ಪಾಸಾದವರನ್ನು ತನ್ನಲ್ಲಿಗೆ ಕರೆಸಿಕೊಳ್ಳುತ್ತಿತ್ತು. ಆದರೆ ಆ ಪುಟ ಅಲ್ಲಿ ತೆರೆಯುತ್ತಿರಲಿಲ್ಲ. ಸರ್ಕಾರ ಅದನ್ನು ತಡೆದಿತ್ತು. ತಡೆಯನ್ನು ದಾಟಲು ಜನ ಬಳಸುತ್ತಿದ್ದ ಉಪಾಯಗಳನ್ನೂ ಒಂದೊಂದಾಗಿ ಹುಡುಕಿ ಮುಚ್ಚುತ್ತಿತ್ತು. ಪರ್ವೀನಳ ಚಿಕ್ಕಪ್ಪ ಒಂದೇ ವರ್ಷ ಸುಮ್ಮನಿರಲು ಒಪ್ಪಿದ್ದ. ಅಷ್ಟರೊಳಗೆ ಸೀಟು ಸಿಗದಿದ್ದರೆ ಮದುವೆ. ಗಂಡನ್ನೂ ನೋಡಿಟ್ಟಾಗಿತ್ತು.

"ನೀವ್ ಎಕ್ಸ್‌ಚೇಂಜಲ್ಲಿ ಇದ್ದವ್ರ್ ಅಲ್ದಾ ಅಕ್ಕ. ಎಂತಾರೂ ದಾರಿ ಇತ್ತಾ ಕಾಣಿ" ಎಂದ. ಫೋನನ್ನು ಯಾರಾದರೂ ಕೇಳುತ್ತಿರಬಹುದೆಂಬ ಅನುಮಾನ ಅವನಿಗಿತ್ತು. ಹಾಗಾಗಿ ಇಷ್ಟನ್ನೂ ಕುಂದಾಪ್ರ ಕನ್ನಡದಲ್ಲೇ ಹೇಳಿದ. ಆ ದೇಶದ ಪೊಲೀಸರಲ್ಲಿ ಕುಂದಾಪ್ರ ಕನ್ನಡ ಬಲ್ಲವರು ಇರಲಿಕ್ಕಿಲ್ಲ ಎಂಬುದು ಅವನ ಲೆಕ್ಕಾಚಾರ. ನನ್ನದೂ ಅದೇ.

ದಾರಿ ಇತ್ತು. ಹದಿನೈದು ದಿನ ಕೂತು ಓದಿದೆ, ಅರ್ಥವಾಗದ್ದನ್ನು ಇಲಾಖೆಯ ಹಳೆಯ ಗೆಳೆಯರಲ್ಲಿ ಕೇಳಿದೆ. ಲೋಕದ ಬೇರೆ ಬೇರೆ ಕಡೆ ಜನ ತಮ್ಮ ಕಂಪ್ಯೂಟರುಗಳನ್ನು ಸುಮ್ಮನೆ, ಪುಕ್ಕಟೆಯಾಗಿ, ಅಪರಿಚಿತರ ಸಂದೇಶ ದಾಟಿಸಲು ಬಿಟ್ಟುಕೊಟ್ಟಿದ್ದಾರೆ. ಒಂದು ಸಂದೇಶ ಮೂರು ಕಂಪ್ಯೂಟರುಗಳ ಕೈ ದಾಟಿ ಹೋಗುತ್ತದೆ. ಕಳಿಸಿದವರು ಯಾರು, ತಲುಪಿದ್ದು ಎಲ್ಲಿಗೆ, ಎರಡೂ ಗೊತ್ತಿರುವ ಕೈ ಒಂದೂ ಇಲ್ಲ. ಈ ಕಂಪ್ಯೂಟರುಗಳ ಪಟ್ಟಿ ಎಲ್ಲರಿಗೂ ಸಿಗುವುದರಿಂದ ತಡೆಯುವ ಸರ್ಕಾರಗಳು ಪಟ್ಟಿಯನ್ನೇ ತಡೆದುಬಿಡುತ್ತವೆ. ಅದಕ್ಕಾಗಿ ಕೆಲವನ್ನು ಪಟ್ಟಿಗೆ ಸೇರಿಸದೆ ಗುಟ್ಟಾಗಿ ಇಟ್ಟಿರುತ್ತಾರೆ, ವಿಳಾಸವನ್ನು ಬೇಕಾದವರಿಗೆ ಮಾತ್ರ ಕೈಯಿಂದ ಕೈಗೆ ಕೊಡುತ್ತಾರೆ. ಅದನ್ನು ಸೇತುವೆ ಎನ್ನುತ್ತಾರೆ. ನಾನು ಕಟ್ಟಬೇಕಾದದ್ದು ಅಂಥದೊಂದು ಸೇತುವೆ.

ನನ್ನ ಮನೆಯಲ್ಲಿ ಗುಡುಗಿದರೆ ಕರೆಂಟಿಲ್ಲ. ತಮ್ಮ ಸುರೇಶನಿಗೆ ಕುಂದಾಪುರದ ಹೊರಗೆ ಸಣ್ಣದೊಂದು ಗೇರುಬೀಜದ ಫ್ಯಾಕ್ಟರಿ ಇದೆ. ಅಲ್ಲಿ ಒಳ್ಳೆಯ ಕೇಬಲ್ ಸಂಪರ್ಕವೂ ಜನರೇಟರೂ ಇದ್ದವು, ಆಫೀಸಿನ ಮೂಲೆಯ ಮೇಜಿನ ಮೇಲೆ ಬಳಸದ ಒಂದು ಕಂಪ್ಯೂಟರೂ ಇತ್ತು. ಸುರೇಶ ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಹೇಳಿದ್ದಕ್ಕೆ ಇಲ್ಲ ಎಂದವನಲ್ಲ, ಆದರೆ ಹೆದರಿಕೆಯ ಆಸಾಮಿ.

"ಅಕ್ಕ, ಯಾರೋ ಎಂತೋ ಮಾಡಿರೆ ನಮ್ ಬಾಗ್ಲಿಗ್ ಜೀಪ್ ಬಪ್ದಾ?"

"ಬೈಂದೂರಿಗ್ ಸ್ಯಾಂಪಲ್ ಕಳ್ಸುಕೆ ನೀ ಎಂತ ಮಾಡ್ತೆ?"

"ಬಸ್ಸಿಗ್ ಕೊಡ್ತೆ. ಕಂಡಕ್ಟ್ರ್ ಬೈಂದೂರ್ ಸ್ಟ್ಯಾಂಡಿನ ಅಂಗ್ಡಿಗ್ ಕೊಡ್ತ. ಅಂಗ್ಡಿಯವ್ರ್ ರಿಕ್ಷಾದವ್ನಿಗ್ ಕೊಡ್ತ್ರ್."

"ಒಳ್ಗ್ ಎಂತ ಇತ್ತ್ ಅಂದ್ ಕಂಡಕ್ಟ್ರಿಗ್ ಗೊತ್ತಿತ್ತಾ?"

"ಇಲ್ಲೆ."

"ಕಳ್ಸಿದ್ದ್ ನೀನ್ ಅಂದ್ ರಿಕ್ಷಾದವ್ನಿಗ್ ಗೊತ್ತಿತ್ತಾ?"

"ಅಂವ್ನಿಗ್ ಅಂಗ್ಡಿಯವ್ರೇ ಗೊತ್ತಿಪ್ದ್."

ಮೇಜಿನ ಮೇಲಿದ್ದ ಮೂರು ಲಕೋಟೆ ತೆಗೆದುಕೊಂಡು ಒಂದರೊಳಗೆ ಒಂದನ್ನು ಹಾಕಿ ಅಂಟಿಸಿ ತೋರಿಸಿದೆ. ನಾವು ಮೊದಲನೆಯ ಕೈ. ನಾವು ಬಿಚ್ಚುವುದು ಹೊರಗಿನ ಲಕೋಟೆಯನ್ನು ಮಾತ್ರ, ಅದರಲ್ಲಿ ಎರಡನೆಯವರ ವಿಳಾಸ ಬಿಟ್ಟರೆ ಬೇರೇನೂ ಸಿಗದು. ಕೊನೆಯ ಲಕೋಟೆ ಬಿಚ್ಚಿ ಲೋಕದ ಬಾಗಿಲು ತಟ್ಟುವವರು ಮೂರನೆಯವರು, ಅವರು ಎಲ್ಲೋ ಬೇರೆ ದೇಶದಲ್ಲಿರುತ್ತಾರೆ.

"ಕೆಟ್ಟದ್ ಕಳ್ಸುವವ್ರೂ ಇರ್ತ್ರಲೆ?" ಎಂದ.

"ಬಸ್ಸಲ್ಲೂ ಕಳ್ಸ್ತ್ರ್. ಹಂಗಂದ್ಹೇಳಿ ಬಸ್ ನಿಲ್ಸಿದ್ರಾ?"

ಅವನು ಮೇಜನ್ನು ಒರೆಸಿ ಜಾಗ ಮಾಡಿಕೊಟ್ಟ. ಅದು ಪೂರ್ತಿ ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಕಣ್ಣ ಮುಂದೆ ಒಬ್ಬಳು ಹುಡುಗಿ ಇದ್ದಳು, ನನಗೆ ಅಷ್ಟು ಉತ್ತರ ಸಾಕಾಗಿತ್ತು. ಎರಡು ದಿನದಲ್ಲಿ ಕಂಪ್ಯೂಟರ್ ಸಿದ್ಧವಾಯಿತು. ಹೊಸ ಯಂತ್ರ ಸುರುವಾಗುವಾಗ ಪೂಜೆಯಿಲ್ಲದಿದ್ದರೆ ಸುರೇಶನಿಗೆ ಸಮಾಧಾನವಿಲ್ಲ. ಪರದೆಯ ಮೇಲಂಚಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆದ. ಮೊಬೈಲಿನಲ್ಲಿ ಒಂದು ಫೋಟೋವನ್ನೂ ತೆಗೆದುಕೊಂಡ. ನಾನು ನಗುತ್ತ ನಿಂತಿದ್ದೆ.

ಇನ್ನು ವಿಳಾಸವನ್ನು ದಾಟಿಸಬೇಕಿತ್ತು. ಅದು ಇಂಗ್ಲಿಷ್ ಅಕ್ಷರ, ಅಂಕಿಗಳ ನೂರಕ್ಕೂ ಮೀರಿದ ಒಂದು ಸಾಲು, ಒಂದಕ್ಷರ ತಪ್ಪಿದರೂ ಬ್ರಹ್ಮ ಬಂದರೂ ತೆರೆಯುವುದಿಲ್ಲ. ಬರೆದು ಕಳಿಸುವುದು ಅಪಾಯ. ಟ್ರಂಕ್ ಕಾಲಿನ ದಿನಗಳಲ್ಲಿ ನಾವು ಹೆಸರು ಬಿಡಿಸಿ ಹೇಳಲು ಎ ಎಂದರೆ ಆಗ್ರಾ, ಬಿ ಎಂದರೆ ಬಾಂಬೆ ಎನ್ನುತ್ತಿದ್ದೆವು. ನಾಸಿರನಿಗೆ ಆಗ್ರಾ ಗೊತ್ತಿಲ್ಲ, ಅರೆಹೊಳೆ ಗೊತ್ತು. ಹಾಗಾಗಿ ಬಸ್‌ಸ್ಟಾಪುಗಳನ್ನೇ ಅಕ್ಷರ ಮಾಡಿಕೊಂಡೆವು. ದೊಡ್ಡಕ್ಷರಕ್ಕೆ ದೊಡ್ಡ, ಸಣ್ಣಕ್ಷರಕ್ಕೆ ಸಣ್ಣ. ಕ್ಯೂ, ಎಕ್ಸ್, ಝಡ್‌ಗಳಿಗೆ ನಮ್ಮ ದಾರಿಯಲ್ಲಿ ಸ್ಟಾಪುಗಳಿಲ್ಲ, ಅವಕ್ಕೆ ನಮ್ಮ ಬೀದಿಯ ಮೂರು ನಾಯಿಗಳ ಹೆಸರಿಟ್ಟೆವು. ಮೂರೂ ನಾಯಿ ಅವನು ಅನ್ನ ಹಾಕಿ ಸಾಕಿದ್ದವೇ.

"ಬಸ್ ಹೊರ್ಡ್ತ್, ಬರ್ಕೋ. ದೊಡ್ಡ ಬೈಂದೂರ್. ಸಣ್ಣ ತ್ರಾಸಿ. ನಾಲ್ಕ್. ದೊಡ್ಡ ಉಪ್ಪುಂದ. ಸಣ್ಣ ಹೆಮ್ಮಾಡಿ, ಇನ್ನೊಂದ್ ಸಲ ಸಣ್ಣ ಹೆಮ್ಮಾಡಿ. ಒಂಬತ್ತ್."

"ನಿಲ್ಲಿ ಅಕ್ಕ. ಹಿಂದಿನ ಮರವಂತೆ ದೊಡ್ಡದಾ ಸಣ್ಣದಾ?"

"ಮರವಂತೆ ಇನ್ನೂ ಬರ್ಲೇ ಇಲ್ಲೆ ಮಾರಾಯ."

ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಯಾರಾದರೂ ಕದ್ದು ಕೇಳುತ್ತಿದ್ದರೆ, ಹಿಂದೆ ಮುಂದೆ ಓಡುವ ಆ ಬಸ್ಸಿನ ಚಾಲಕನಿಗೆ ಬುದ್ಧಿಯಿಲ್ಲ ಎಂದುಕೊಂಡಿರಬೇಕು. ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಕಂಪ್ಯೂಟರಿನ ಮೇಲೆ ಒಂದು ಸಣ್ಣ ಅಂಕಿ ಸೊನ್ನೆಯಿಂದ ಎದ್ದು ಏರತೊಡಗಿತು. ಪರ್ವೀನ್ ಪಾಠಕ್ಕೆ ಕೂತಿದ್ದಳು.

ಜುಲೈ ಇಡೀ ಹಾಗೆ ನಡೆಯಿತು. ಗಂಗೊಳ್ಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ದೋಣಿಗಳು ದಡ ಏರಿದ್ದವು, ಐಸ್ ಪ್ಲಾಂಟುಗಳು ಮುಚ್ಚಿದ್ದವು, ಮಾರುಕಟ್ಟೆಯಲ್ಲಿ ಒಣಮೀನು ಮಾತ್ರ. ಹೊರಗೆ ಏಕಪ್ರಕಾರ ಸುರಿಯುವ ಮಳೆ, ಫ್ಯಾಕ್ಟರಿಯೊಳಗೆ ಸಿಪ್ಪೆಯ ಹೊಗೆ, ಸಾಲಾಗಿ ಕೂತು ಬೀಜ ಸುಲಿಯುವ ಹೆಂಗಸರ ಮಾತು. ನಾಲ್ಕರಿಂದ ಆರರವರೆಗೆ ಆ ಅಂಕಿ ಏರುತ್ತಿತ್ತು. ಮನೆಯಿಂದಲೇ ನೋಡುವ ಹಾಗೆ ಮಾಡಿಕೊಂಡಿದ್ದರೂ ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಹೋಗಿ ಅದರ ಎದುರು ಕೂರುತ್ತಿದ್ದೆ. ಅವಳು ಏನು ಓದುತ್ತಾಳೆ, ಏನು ಬರೆಯುತ್ತಾಳೆ, ಒಂದೂ ನನಗೆ ಕಾಣದು. ಇಷ್ಟು ಹೋಯಿತು, ಇಷ್ಟು ಬಂತು, ಅಷ್ಟೇ. ಊರಿನ ಗುಟ್ಟುಗಳನ್ನೆಲ್ಲ ಕದ್ದು ಕೇಳಿದ ಕಿವಿಗೆ ಮೊದಮೊದಲು ಇದು ಶಿಕ್ಷೆಯಂತೆಯೇ ಇತ್ತು. ಆಮೇಲೆ ಅದರಲ್ಲಿ ಒಂದು ನೆಮ್ಮದಿ ಸಿಕ್ಕಿತು. ನನ್ನ ಕೈಯಿಂದ ದಾಟುವುದು ನನಗೆ ತಿಳಿಯದಿದ್ದರೂ ಸರಿಯಾಗಿ ದಾಟುತ್ತಿದೆ ಎಂಬುದು ನನಗೆ ಖುಷಿ ಕೊಡುತ್ತಿತ್ತು.

ಚೌತಿಯ ಮರುದಿನಗಳಲ್ಲಿ ಅಂಕಿ ಇದ್ದಕ್ಕಿದ್ದಂತೆ ಹತ್ತು ಪಟ್ಟು ಏರಿತು. ಬೆಳಗ್ಗೆ, ಮಧ್ಯಾಹ್ನ, ಎಲ್ಲ ಹೊತ್ತಿನಲ್ಲೂ ಓಡತೊಡಗಿತು. ನನಗೆ ಹೆಮ್ಮೆಯಾಯಿತು. ಪರ್ವೀನಳ ಗೆಳತಿಯರೂ ಸೇರಿರಬೇಕು ಎಂದುಕೊಂಡೆ. ಒಂದು ಮಾತು ವಿಚಾರಿಸಬೇಕಿತ್ತು, ವಿಚಾರಿಸಲಿಲ್ಲ. ಹೆಮ್ಮೆ ಬಂದಾಗ ಮನುಷ್ಯ ಪ್ರಶ್ನೆ ಕೇಳುವುದಿಲ್ಲ, ನಾನೂ ಕೇಳಲಿಲ್ಲ. ಪರೀಕ್ಷೆಗೆ ಎಂಟು ದಿನ ಇರುವಾಗ ನಾಸಿರನ ಫೋನು ಬಂತು.

"ಅಕ್ಕ, ಬಸ್ ಬರ್ದೆ ಮೂರ್ ದಿನ ಆಯ್ತ್."

ನಮ್ಮ ಸೇತುವೆಯ ವಿಳಾಸ ಆ ದೇಶದಲ್ಲಿ ತಡೆಗೆ ಸಿಕ್ಕಿತ್ತು. ಗುಟ್ಟು ಎಲ್ಲಿಂದ ಸೋರಿತು? ನನ್ನನ್ನೂ ನಾಸಿರ್, ಪರ್ವೀನರನ್ನೂ ಬಿಟ್ಟರೆ ಆ ಸಾಲು ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಫ್ಯಾಕ್ಟರಿಗೆ ಹೋಗಿ ಸುರೇಶನನ್ನು ಕೇಳಿದೆ. ಅವನು ಏನೂ ಅರಿಯದ ಮುಖದಲ್ಲಿ, ಸಂತೋಷದಿಂದಲೇ, ಮೊಬೈಲು ತೆಗೆದು ತೋರಿಸಿದ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಚಿಲ್ಲರೆ ಜನ ಇದ್ದಾರೆ. ಚೌತಿಯ ದಿನ ಅವರವರ ಮಕ್ಕಳ ಅಂಕಪಟ್ಟಿ, ಹೊಸ ಕಾರು, ಪದಕಗಳ ಮೆರವಣಿಗೆ ಅಲ್ಲಿ ನಡೆದಿತ್ತು. ಸುರೇಶನಿಗೆ ತಡೆಯಲಾಗಲಿಲ್ಲ. ಪೂಜೆಯ ಫೋಟೋ ಹಾಕಿ, "ಬ್ಲಾಕ್ ಆದದ್ದನ್ನು ತೆರೆಯುವ ಯಂತ್ರ, ನಮ್ಮ ಸುಮತಕ್ಕನ ಸಾಧನೆ" ಎಂದು ಬರೆದಿದ್ದ. ಕುಂಕುಮ, ಊದುಬತ್ತಿ, ಅದರ ಹಿಂದೆ ಪರದೆಯ ಮೇಲೆ ಆ ಇಡೀ ಸಾಲು, ಅಕ್ಷರ ಅಕ್ಷರವೂ ಓದುವ ಹಾಗೆ. ಕೆಳಗೆ ಅರವತ್ತು ಜನ ಕೈ ಮುಗಿದಿದ್ದರು.

ಗಲ್ಫಿನಲ್ಲಿದ್ದ ನಮ್ಮ ದಾಯಾದಿಯೊಬ್ಬ ಅದನ್ನು ಕಷ್ಟಪಟ್ಟು ಟೈಪು ಮಾಡಿ, ಅಲ್ಲಿ ಮುಚ್ಚಿದ್ದ ಒಂದು ಕ್ರಿಕೆಟ್ ಪುಟವನ್ನು ತೆರೆದಿದ್ದ. ತೆರೆದದ್ದೇ ತಡ, ಕೋಣೆಯಲ್ಲಿದ್ದವರಿಗೆಲ್ಲ ಹಂಚಿದ. ಅವರು ತಮ್ಮ ತಮ್ಮ ಗುಂಪುಗಳಿಗೆ ಹಂಚಿದರು. ಯಾರೋ ಅದನ್ನು ಎಲ್ಲರೂ ನೋಡುವ ಜಾಗದಲ್ಲಿ ಹಾಕಿದರು. ಅಂಥ ಜಾಗಗಳನ್ನು ಕಾಯುತ್ತ ಕೂರುವುದೇ ತಡೆಯುವವರ ಕೆಲಸ. ನಮ್ಮಲ್ಲಿ ಒಳ್ಳೆಯದು ಕೈಗೆ ಬಂದರೆ ಒಬ್ಬರೇ ಇಟ್ಟುಕೊಳ್ಳುವ ಕ್ರಮವಿಲ್ಲ. ಮೊದಲ ಹಲಸಿನ ಹಣ್ಣು ಕೊಯ್ದರೆ ನಾಲ್ಕು ಮನೆಗೆ ತೊಳೆ ಹೋಗಬೇಕು, ಮೀನು ಹೆಚ್ಚು ಸಿಕ್ಕಿದರೆ ಬೇಲಿಯಾಚೆ ಒಂದು ತಟ್ಟೆ ದಾಟಬೇಕು. ಸುರೇಶ ಮಾಡಿದ್ದು ಅದನ್ನೇ. ನನಗೆ ಆಗ ಇಷ್ಟೆಲ್ಲ ಯೋಚನೆ ಬರಲಿಲ್ಲ. ಬೀಜ ಸುಲಿಯುವ ಹೆಂಗಸರ ಎದುರೇ ಬಾಯಿಗೆ ಬಂದಂತೆ ಬೈದೆ.

"ಒಳ್ಳೆದ್ ಅಂದ್ಹೇಳಿ ಹಾಕ್ದೆ ಅಕ್ಕ" ಎಂದು ಮಾತ್ರ ಹೇಳಿದ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು. ಮೂರು ತಿಂಗಳು ಓದಿದ ಹುಡುಗಿ ಎಂಟು ದಿನ ಇರುವಾಗ ಕತ್ತಲೆಯಲ್ಲಿ ಕೂತಿದ್ದಾಳೆ, ಅದು ನಮ್ಮ ಮನೆಯ ಜಂಭದಿಂದ. ಗುಟ್ಟು ಎಂದರೆ ಎಷ್ಟು ಗುಟ್ಟು ಎಂದು ತಮ್ಮನಿಗೆ ನಾನು ಬಿಡಿಸಿ ಹೇಳಿರಲಿಲ್ಲ, ಫೋಟೋ ತೆಗೆಯುವಾಗ ನಗುತ್ತ ನಿಂತವಳೂ ನಾನೇ.

ಹೆದರಿಕೆ ನನ್ನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಮರುದಿನವೇ ಫ್ಯಾಕ್ಟರಿಯ ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸಿದೆ. ಮನೆ, ಅಂಗಡಿಗಳ ಇಂಟರ್ನೆಟ್ಟಿಗೆ ಖಾಯಂ ನಂಬರ್ ಇರುವುದಿಲ್ಲ. ಪೆಟ್ಟಿಗೆ ಆರಿ ಹೊತ್ತಿದರೆ ಹೊಸ ನಂಬರ್ ಬರುತ್ತದೆ. ಹೊಸ ನಂಬರಿಗೆ ಹೊಸ ಬೀಗದಕೈ ಮಾಡಿದೆ. ಒಂದನ್ನೇ ನಂಬಿ ಕೂರಬಾರದೆಂದು ಬೈಂದೂರಿನಲ್ಲಿ ಇನ್ನೊಂದು ಕಟ್ಟಿದೆ. ಅಲ್ಲಿ ನನ್ನ ಹಳೆಯ ಜೊತೆಗಾತಿ ಜಯಲಕ್ಷ್ಮಿ ಇದ್ದಾಳೆ. ಬೈಂದೂರು ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಈಗ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಪರೀಕ್ಷೆ ಯಾವತ್ತ್?"

ಎರಡು ಸಾಲುಗಳನ್ನು ನಾಸಿರನಿಗೆ ಓದಿ ಮುಗಿಸುವಾಗ ನನ್ನ ಗಂಟಲು ಕಟ್ಟಿಹೋಗಿತ್ತು. ಒಂದು ನಿಂತರೆ ಇನ್ನೊಂದರಿಂದ ಹೋಗು ಎಂದೆ. ಪರ್ವೀನ್ ಮತ್ತೆ ಓದಲು ಕೂತಳು.

ಪರೀಕ್ಷೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು. ಅಂದು ಬೆಳಗ್ಗಿನಿಂದಲೇ ಗಾಳಿಮಳೆ. ನಾನು ಹನ್ನೊಂದಕ್ಕೇ ಫ್ಯಾಕ್ಟರಿಯಲ್ಲಿ ಕೂತಿದ್ದೆ. ಒಂದೂವರೆಗೆ ಅಂಕಿ ನಿಂತಿತು. ಹೆದ್ದಾರಿ ಕೆಲಸದ ಯಂತ್ರವೊಂದು ಎಲ್ಲೋ ಕೇಬಲ್ ಕಡಿದುಹಾಕಿತ್ತು. ಸಂಜೆಯವರೆಗೆ ಸರಿಯಾಗುವುದಿಲ್ಲ ಎಂದರು. ಜಯಳಿಗೆ ಫೋನು ಮಾಡಿದೆ.

"ಇಲ್ಲಿ ಓಡ್ತಾ ಇತ್ತ್. ನೀ ಸುಮ್ನೆ ಕೂಕೋ" ಎಂದಳು. ಎರಡು ಗಂಟೆಗೆ ಇನ್ನೊಮ್ಮೆ ಮಾಡಿದೆ. "ಅಂಕಿ ಏರ್ತಾ ಇತ್ತ್. ಹೆಣ್ಣ್ ಬರಿಯೂಕೆ ಸುರು ಮಾಡಿತ್ತ್ ಕಾಣತ್ತ್. ನೀ ಫೋನ್ ಮಾಡಿ ಮಾಡಿ ನಂಗೇ ಬಿ.ಪಿ. ಬಪ್ದ್." ಎರಡೂ ಹತ್ತಕ್ಕೆ ಅವಳದೇ ಫೋನು ಬಂತು, ಸ್ವರ ತಗ್ಗಿತ್ತು. "ಸುಮತಿ, ಕರೆಂಟ್ ಹೋಯ್ತ್. ಯುಪಿಎಸ್ ಒಂದ್ ತಾಸ್ ಬಕ್ಕ್. ಜಾಸ್ತಿ ಇಲ್ಲೆ."

ಪರೀಕ್ಷೆ ಎರಡು ತಾಸು. ಯುಪಿಎಸ್ ಸತ್ತರೆ ಪೆಟ್ಟಿಗೆ ಆರುತ್ತದೆ, ಮತ್ತೆ ಹೊತ್ತಿದಾಗ ನಂಬರ್ ಬೇರೆ, ಪರ್ವೀನಳ ಕೈಯಲ್ಲಿರುವ ಸಾಲು ಬರೀ ಕಾಗದ. ಯಾವ ಗುಣದಿಂದ ವಾರದ ಹಿಂದೆ ಬಚಾವಾಗಿದ್ದೆವೋ ಅದೇ ಗುಣ ಈಗ ಮುಳುಗಿಸುವುದರಲ್ಲಿತ್ತು. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಸುರೇಶ ಪ್ಯಾಕಿಂಗ್ ಯಂತ್ರಕ್ಕಿದ್ದ ಸಣ್ಣ ಜನರೇಟರನ್ನು ಇಬ್ಬರು ಹೆಂಗಸರ ಜೊತೆ ಎತ್ತಿ ಪಿಕಪ್ಪಿಗೆ ಹಾಕಿಯಾಗಿತ್ತು.

"ಹತ್ತ್ ಅಕ್ಕ" ಎಂದ.

ಹೆಮ್ಮಾಡಿ ದಾಟುವವರೆಗೂ ಅವನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ದಾರಿಯಲ್ಲಿ ಕಂಡವರಿಗೆಲ್ಲ ಗಾಜು ಇಳಿಸಿ ಕೈ ಬೀಸುವ ಮನುಷ್ಯ ಅವನು. ತ್ರಾಸಿಯ ನಂತರ ಎಡಗಡೆ ಸಮುದ್ರ ರಸ್ತೆಯ ಕಲ್ಲುಗಳಿಗೆ ಬಡಿದು ನೀರನ್ನು ಗಾಜಿಗೇ ಎಸೆಯುತ್ತಿತ್ತು, ಬಲಗಡೆ ಹೊಳೆ ಕೆಂಪಗೆ ತುಂಬಿ ನಿಂತಿತ್ತು. ವೈಪರ್ ಒರೆಸಿದಷ್ಟು ಹೊತ್ತು ಮಾತ್ರ ರಸ್ತೆ ಕಾಣುತ್ತಿತ್ತು.

"ಆ ಹೆಣ್ಣಿಗ್ ನನ್ನಿಂದ ತಪ್ಪಿರೆ ನಾನ್ ಎಂತ ಮಾಡುದ್ ಅಕ್ಕ?"

"ತಪ್ಪುದಿಲ್ಲೆ. ಗಾಡಿ ಬಿಡ್."

ನನಗೆ ಅಷ್ಟು ನಂಬಿಕೆ ಇತ್ತೇ ಎಂದು ಕೇಳಿದರೆ, ಇತ್ತು. ಯಾಕೆಂದು ಕೇಳಬೇಡಿ.

ಮೂರೂ ಐದಕ್ಕೆ ಬೈಂದೂರು ಮುಟ್ಟಿದೆವು. ಜಯ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಫ್ಯಾನು, ದೀಪ, ಜೆರಾಕ್ಸ್ ಯಂತ್ರ ಎಲ್ಲದರ ಪ್ಲಗ್ಗು ಕಿತ್ತು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಯುಪಿಎಸ್‌ಗೆ ಕಾವಲು ಕೂತಿದ್ದಳು. ಅದು ಆಗಲೇ ಕೂಗಿಕೊಳ್ಳುತ್ತಿತ್ತು. ಜಗಲಿಯಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರು ಪಹಣಿ ಪತ್ರ ಹಿಡಿದು, ಜೆರಾಕ್ಸ್ ಮಾಡಿಕೊಡಲಿಲ್ಲವೆಂದು ಸಿಟ್ಟಿನಿಂದ ನಿಂತಿದ್ದರು. ಜನರೇಟರನ್ನು ಹೊಗೆಗಾಗಿ ಹೊರಗೇ ಇಡಬೇಕು, ಹೊರಗೆ ಇಟ್ಟರೆ ಇರಿಚಲು. ಸುರೇಶ ಹಗ್ಗ ಎಳೆದ, ಹೊತ್ತಲಿಲ್ಲ. ಇನ್ನೊಮ್ಮೆ ಎಳೆದ. ಮೂರನೆಯ ಸಲಕ್ಕೆ ಗುಡುಗುಟ್ಟಿ ಹೊತ್ತಿತು. ಒಳಗೆ ಯುಪಿಎಸ್ ಕೂಗುವುದನ್ನು ನಿಲ್ಲಿಸಿತು. ಅಂಕಿ ಏರುತ್ತಲೇ ಇತ್ತು.

"ಎಂತ ಇದ್, ಎಲೆಕ್ಷನ್ ಕೆಲ್ಸವಾ?" ಎಂದರು ಪಹಣಿಯ ಹಿರಿಯರು.

"ಒಂದ್ ಹೆಣ್ಣ್ ಪರೀಕ್ಷೆ ಬರಿತಾ ಇತ್ತ್. ನಾಲ್ಕ್ ಗಂಟಿವರಿಗೆ ಇದ್ ಆರುಕಾಗ" ಎಂದಳು ಜಯ.

"ಯಾರ ಮನಿ ಹೆಣ್ಣ್?"

"ನಮ್ಮದೇ."

ಅವರು ಪಹಣಿಯನ್ನು ಮಡಚಿ ಅಂಗಿಯ ಒಳಗೆ ಸೇರಿಸಿ, ಜಗಲಿಯಿಂದ ಇಳಿದು, ತಮ್ಮ ದೊಡ್ಡ ಕಪ್ಪು ಕೊಡೆಯನ್ನು ಜನರೇಟರಿನ ಮೇಲೆ ಹಿಡಿದು ನಿಂತರು. ನಾಲ್ಕು ಹೊಡೆಯುವವರೆಗೆ ಹಾಗೇ ನಿಂತಿದ್ದರು. ಅವರ ಒಂದು ಪಾರ್ಶ್ವ ಪೂರ್ತಿ ನೆನೆದಿತ್ತು. ಅವರ ಹೆಸರು ಏನೆಂದು ನನಗೆ ಈಗಲೂ ತಿಳಿಯದು, ಆದರೆ ಆ ದಿನ ಅವರ ಕಾಲಿಗೆ ಬೀಳಬೇಕು ಎನಿಸಿತ್ತು.

ಎರಡು ದಿನ ಬಿಟ್ಟು ನಾಸಿರ್ ಫೋನು ಮಾಡಿ, "ಬರ್ದ್ ಮುಗಿಸಿದ್ಲ್ ಅಕ್ಕ. ಸುರುವಪ್ಪ ಮುಂಚೆ ಒಂದ್ಸಲ ನಿಂತಿತಂಬ್ರ್, ಮತ್ ಬಂತಂಬ್ರ್" ಎಂದ. ಆಮೇಲೆ ಅವನ ಸುದ್ದಿಯಿಲ್ಲ. ಫಲಿತಾಂಶ ಯಾವಾಗ ಎಂದು ಕೇಳಲು ನನಗೂ ಧೈರ್ಯವಾಗಲಿಲ್ಲ. ಫ್ಯಾಕ್ಟರಿಯ ಸೇತುವೆ ಹಾಗೇ ಓಡುತ್ತಿತ್ತು, ಸಂಜೆ ನಾಲ್ಕರಿಂದ ಆರರವರೆಗೆ ಅಂಕಿ ಏರುತ್ತಿತ್ತು. ಪರ್ವೀನ್ ಏನೋ ಓದುತ್ತಿದ್ದಾಳೆ, ಅಂದರೆ ಮದುವೆ ಆಗಿಲ್ಲ ಎಂದು ಅದನ್ನು ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಳೆ ಹೋಯಿತು, ನವರಾತ್ರಿ ಕಳೆಯಿತು. ದೀಪಾವಳಿಗೆ ವಾರವಿರುವಾಗ ಸುರೇಶ ಮೆಲ್ಲನೆ ವಿಷಯ ತೆಗೆದ. ಉಡುಗೊರೆ ಡಬ್ಬಿಗಳ ದೊಡ್ಡ ಆರ್ಡರು ಬಂದಿತ್ತು, ಪ್ಯಾಕಿಂಗಿಗೆ ಆಫೀಸಿನ ಆ ಮೇಜು ಬೇಕಿತ್ತು. ಪರೀಕ್ಷೆ ಹೇಗೂ ಮುಗಿಯಿತಲ್ಲ ಎಂದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಳೆ ಬಂದು ಆಫ್ ಮಾಡುತ್ತೇನೆ ಎಂದೆ. ಮರುದಿನ ಹೊರಡಲು ಚಪ್ಪಲಿ ಹಾಕುತ್ತಿರುವಾಗ ಫೋನು ಬಂತು.

"ಅಕ್ಕ, ಪರ್ವೀನ್ ಪಾಸ್. ಅಲ್ಲಿಗ್ ಹೋಯಿ ಮುಟ್ಟಿಯೂ ಆಯ್ತ್. ಹೊರಟ್ ಇಪ್ಪತ್ ದಿನ ಆಯ್ತ್. ಮುಟ್ಟುವರಿಗೆ ಯಾರಿಗೂ ಹೇಳುಕಾಗ ಅಂದ್ ಸುಮ್ನಿದ್ದೆ."

ಹೊಸ್ತಿಲ ಮೇಲೆ ಕೂತು ಅತ್ತೆ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅತ್ತು ಮುಗಿದ ಮೇಲೆ ತಲೆ ಓಡಿತು.

"ಇಪ್ಪತ್ ದಿನವಾ? ನಿನ್ನೆ ಸಂಜಿಗೂ ಓಡಿತ್ತಲೆ. ನಾಲ್ಕರಿಂದ ಆರ್‌ವರಿಗೆ. ಮುಂಚಿಗಿಂತ ಜಾಸ್ತಿಯೇ."



"ಅದ್ ಅವ್ಳಲ್ಲ ಅಕ್ಕ. ಹೋಪತಿಗೆ ಲ್ಯಾಪ್‌ಟಾಪ್ ಪಕ್ಕದ್ ಮನಿ ಹೆಣ್ಣಿಗ್ ಕೊಟ್ಟಿದ್ಲ್. ಆ ಹೆಣ್ಣ್ ಇನ್ನೊಬ್ಳ ಕಿವಿಯಲ್ಲಿ ಹೇಳಿತ್ತ್. ಅವ್ಳ್ ಮತ್ತೊಬ್ಳಿಗ್. ಈಗ ಎಷ್ಟ್ ಜನ ಅಂದ್ ನಂಗೂ ಗೊತ್ತಿಲ್ಲೆ. ಬೈಬೇಡಿ."

ಬೈಯಲಿಲ್ಲ. ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋದೆ. ಆಫೀಸಿನ ತುಂಬ ಖಾಲಿ ಡಬ್ಬಿಗಳು ಬಂದು ಬಿದ್ದಿದ್ದವು, ಮೇಜು ಖಾಲಿಯಾಗುವುದನ್ನೇ ಕಾಯುತ್ತ ನಾಲ್ಕು ಹೆಂಗಸರು ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಸುರೇಶ ಕೈ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದ.

"ಹಂಗಾರೆ ಇದ್ರಗೆ ಈಗ ಓದುದ್ ಯಾರ್?"

"ಗೊತ್ತಿಲ್ಲೆ."

"ಎಷ್ಟ್ ಹೆಣ್ಮಕ್ಕಳ್?"

"ಅದೂ ಗೊತ್ತಿಲ್ಲೆ."

ಅವನು ತಲೆಯಾಡಿಸಿದ. ಆಮೇಲೆ ತಿರುಗಿ ಹೆಂಗಸರಿಗೆ, ಡಬ್ಬಿಗಳನ್ನು ಈಚೆ ತೆಗೆದುಕೊಂಡು ಬರಲು ಹೇಳಿ, ತಾನೇ ಒಳಗೆ ಹೋಗಿ ಎರಡು ಚಾಪೆ ತಂದು ಹಾಸಿದ. ಆ ದೀಪಾವಳಿಗೆ ನನ್ನ ತಮ್ಮನ ಫ್ಯಾಕ್ಟರಿಯ ಗೇರುಬೀಜವನ್ನೆಲ್ಲ ನೆಲದ ಮೇಲೆ ಕೂತೇ ತುಂಬಿದೆವು.